ಕಂಟೇನರ್ ತೆಗೆದರೆ ಪುಸ್ತಕದ ಕಪಾಟೂ ಹೋಗುತ್ತಾ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದಲ್ಲಿರುವ ನಿವೃತ್ತ ಕನ್ನಡ ಮೇಷ್ಟ್ರು. ಸುಮಾರು 2,800 ಇ-ಪುಸ್ತಕ ಕೂಡಿಸಿದ್ದೇನೆ. ಹೆಚ್ಚಿನವು ಕನ್ನಡದವು. ಅಳಿಯ ಒಂದು ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಡಾಕರ್‌ನಲ್ಲಿ (ತಂತ್ರಾಂಶಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಯಲ್ಲಿಟ್ಟು ನಡೆಸುವ ಏರ್ಪಾಡು) ಇ-ಪುಸ್ತಕಗಳನ್ನು ಬ್ರೌಸರಿನಲ್ಲಿ ತೋರಿಸುವ ಕ್ಯಾಲಿಬರ್-ವೆಬ್ ನಡೆಯುವಂತೆ ಮಾಡಿಕೊಟ್ಟಿದ್ದ. ಮನೆಯವರು ಮೊಬೈಲಿನಲ್ಲೇ ಓದುತ್ತಿದ್ದರು. ಹೋದ ವಾರ ಹೊಸ ಆವೃತ್ತಿ ಹಾಕೋಣ ಅಂತ ಹಳೇ ಕಂಟೇನರ್ ತೆಗೆದು ಹೊಸದು ಮಾಡಿದೆ. ಪುಸ್ತಕಗಳೆಲ್ಲ ಡಿಸ್ಕಿನಲ್ಲಿ ಇವೆ. ಆದರೆ ಎಲ್ಲರ ಖಾತೆ, ನಾನು ಜೋಡಿಸಿದ್ದ ಕಪಾಟುಗಳು, ಯಾರು ಎಲ್ಲಿವರೆಗೆ ಓದಿದ್ದಾರೆ ಎಂಬ ಗುರುತು ಎಲ್ಲ ಮಾಯ. ತಪ್ಪು ಎಲ್ಲಾಯಿತು? ವಾಪಸ್ ಸಿಗುತ್ತಾ? ಇನ್ನೊಂದು ಮಾತು. ನನ್ನ ಹಳೇ ವಿದ್ಯಾರ್ಥಿಗಳೂ ಇದನ್ನು ಓದಲು ಕೇಳುತ್ತಿದ್ದಾರೆ, ಹೊರಗಿನಿಂದ ಕೊಡಬಹುದಾ?

ಉತ್ತರ: ಮೇಷ್ಟ್ರೇ, ಮೊದಲು ಒಂದು ಕೆಲಸ ಮಾಡಿ. ಅಂದರೆ, ಏನನ್ನೂ ಮಾಡಬೇಡಿ. ಜಾಗ ತೆರವು ಮಾಡೋಣ ಅಂತ ಡಾಕರ್‌ಗೆ 'ಪ್ರೂನ್' ಎಂಬ ಪದ ಇರುವ ಯಾವ ಕಮಾಂಡನ್ನೂ ಕೊಡಬೇಡಿ. ನಿಮ್ಮ ಖಾತೆಗಳು, ಕಪಾಟುಗಳು ಇನ್ನೂ ಅದೇ ಲ್ಯಾಪ್‌ಟಾಪಿನ ಒಂದು ಮೂಲೆಯಲ್ಲಿ ಉಳಿದಿರಬಹುದು. ಪ್ರೂನ್ ಕೊಟ್ಟರೆ ಅದೂ ಹೋಗಬಹುದು.

ಯಾಕೆ ಅಂತ ಹೇಳುತ್ತೇನೆ. ಕ್ಯಾಲಿಬರ್-ವೆಬ್ ಎರಡು ಡೇಟಾಬೇಸ್‌ಗಳ ಮೇಲೆ ನಡೆಯುತ್ತದೆ. ಒಂದು 'ಮೆಟಾಡೇಟಾ ಡಾಟ್ ಡಿಬಿ'. ಇದು ಕ್ಯಾಲಿಬರ್ ಎಂಬ ಡೆಸ್ಕ್‌ಟಾಪ್ ತಂತ್ರಾಂಶದ್ದು. ಪುಸ್ತಕದ ಹೆಸರು, ಲೇಖಕರು, ಮಾಲಿಕೆ, ಟ್ಯಾಗ್ ಎಲ್ಲ ಇದರಲ್ಲಿ ಇರುತ್ತವೆ. ಇದು ಪುಸ್ತಕಗಳ ಫೋಲ್ಡರಿನಲ್ಲೇ ಇರುತ್ತದೆ. ಅದಕ್ಕೇ ನಿಮ್ಮ ಪುಸ್ತಕಗಳು ಉಳಿದವು. ಇನ್ನೊಂದು 'ಆಪ್ ಡಾಟ್ ಡಿಬಿ'. ಇದು ಕ್ಯಾಲಿಬರ್-ವೆಬ್‌ನ ಸ್ವಂತದ್ದು. ಬಳಕೆದಾರರ ಖಾತೆ, ಪಾಸ್‌ವರ್ಡ್, ಕಪಾಟು, ಓದಿದ ಗುರುತು, ಸೆಟ್ಟಿಂಗ್ ಇದರಲ್ಲಿರುತ್ತವೆ. ಇದು ಇರುವುದು 'ಕಾನ್ಫಿಗ್' ಎಂಬ ಬೇರೆ ಫೋಲ್ಡರಿನಲ್ಲಿ. ನಿಮ್ಮ ಅಳಿಯ ಪುಸ್ತಕಗಳ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಜೋಡಿಸಿದ್ದಾರೆ, ಕಾನ್ಫಿಗ್ ಫೋಲ್ಡರನ್ನು ಜೋಡಿಸುವುದು ಮರೆತಿದ್ದಾರೆ. ನಿಮ್ಮ ವಿವರಣೆ ಓದಿದರೆ ಇದೇ ಆಗಿರಬೇಕು ಅನಿಸುತ್ತದೆ. ನಾನು ನೋಡುವ ಹತ್ತು ತೊಂದರೆಗಳಲ್ಲಿ ಜಾಸ್ತಿ ಇದೇ ಇರುತ್ತದೆ.

ನೀವು ನವನಗರದವರು, ಈ ಮಾತು ನಿಮಗೆ ಬೇಗ ಹತ್ತುತ್ತದೆ. ಆಲಮಟ್ಟಿ ಹಿನ್ನೀರು ಬರುತ್ತದೆ ಅಂದಾಗ ಹಳೇ ಬಾಗಲಕೋಟೆಯಿಂದ ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಬಂದರು. ಗಾಡಿಗೆ ಏರಿಸಿದ್ದು ಬಂತು. ಗೋಡೆಯ ಗೂಡಿನಲ್ಲಿ ಬಿಟ್ಟದ್ದು ಗೋಡೆಯ ಜೊತೆ ಹೋಯಿತು. ಕಂಟೇನರ್ ಅನ್ನೋದು ಬಿಟ್ಟು ಬರಲೆಂದೇ ಕಟ್ಟಿದ ಮನೆ. ಆವೃತ್ತಿ ಬದಲಿಸುವುದು ಅಂದರೆ ಅದನ್ನು ರಿಪೇರಿ ಮಾಡುವುದಲ್ಲ, ಕೆಡವಿ ಹೊಸದು ನಿಲ್ಲಿಸುವುದು. ಹಾಗಾಗಿ ಉಳಿಯಬೇಕಾದ್ದನ್ನೆಲ್ಲ ಮೊದಲೇ ಹೊರಗೆ ಇಟ್ಟಿರಬೇಕು. ಹೊರಗಿನ ಆ ಜಾಗಕ್ಕೆ ಡಾಕರ್‌ನವರು 'ವಾಲ್ಯೂಮ್' ಅನ್ನುತ್ತಾರೆ.

ಈಗ ಹುಡುಕೋಣ. ಲಿನಕ್ಸ್‌ಸರ್ವರ್ ತಂಡದವರು ಕೊಡುವ ಇಮೇಜ್ (ಕಂಟೇನರ್ ಕಟ್ಟುವ ಅಚ್ಚು) ತುಂಬ ಜನ ಬಳಸುತ್ತಾರೆ. ನಿಮ್ಮದೂ ಬಹುಶಃ ಅದೇ. ಇಂಥ ಇಮೇಜ್‌ಗಳಲ್ಲಿ ಒಂದು ಒಳ್ಳೆಯ ಏರ್ಪಾಡು ಇದೆ. ಕಾನ್ಫಿಗ್ ಫೋಲ್ಡರನ್ನು ನೀವು ಎಲ್ಲೂ ಜೋಡಿಸದಿದ್ದರೆ ಡಾಕರ್ ತಾನೇ ಒಂದು ಹೆಸರಿಲ್ಲದ ವಾಲ್ಯೂಮ್ ಮಾಡಿ ಅದರಲ್ಲಿ ಇಡುತ್ತದೆ. ಕಂಟೇನರ್ ತೆಗೆದರೂ ಅದು ಸಾಮಾನ್ಯವಾಗಿ ಅಲ್ಲೇ ಅನಾಥವಾಗಿ ಬಿದ್ದಿರುತ್ತದೆ. ಹೊಸ ಕಂಟೇನರ್ ಮಾಡಿದಾಗ ಅದು ಹಳೆಯದನ್ನು ನೋಡದೆ ಇನ್ನೊಂದು ಹೊಸ ವಾಲ್ಯೂಮ್ ಮಾಡಿಕೊಳ್ಳುತ್ತದೆ. ನಿಮಗೆ ಖಾಲಿ ಕಂಡದ್ದು ಈ ಹೊಸದು.

ಟರ್ಮಿನಲ್‌ನಲ್ಲಿ 'ಡಾಕರ್ ವಾಲ್ಯೂಮ್ ಎಲ್‌ಎಸ್' ಕೊಡಿ. 64 ಅಕ್ಷರ ಅಂಕಿಗಳ ಉದ್ದನೆಯ ಹೆಸರುಗಳು ಕಂಡರೆ ಅವೇ ಆ ಹೆಸರಿಲ್ಲದ ವಾಲ್ಯೂಮ್‌ಗಳು. ಅವು ಡಿಸ್ಕಿನಲ್ಲಿ 'ವಾರ್' ಒಳಗಿನ 'ಲಿಬ್', ಅದರೊಳಗಿನ 'ಡಾಕರ್', ಅದರೊಳಗಿನ 'ವಾಲ್ಯೂಮ್ಸ್' ಫೋಲ್ಡರಿನಲ್ಲಿ ಇರುತ್ತವೆ. ನೋಡಲು ಸುಡೊ, ಅಂದರೆ ನಿರ್ವಾಹಕರ ಅಧಿಕಾರ, ಬೇಕು. ಪ್ರತಿಯೊಂದರ 'ಡೇಟಾ' ಫೋಲ್ಡರಿನಲ್ಲೂ ಆಪ್ ಡಾಟ್ ಡಿಬಿ ಇದೆಯಾ ನೋಡಿ. ಎರಡು ಸಿಕ್ಕರೆ ದಿನಾಂಕ ನೋಡಿ. ಹೋದ ವಾರದಿಂದ ಈಚೆಗೆ ಬದಲಾಗುತ್ತಿರುವುದು ಹೊಸದು. ನೀವು ಕಂಟೇನರ್ ತೆಗೆದ ದಿನವೇ ನಿಂತುಹೋದದ್ದು ನಿಮ್ಮದು. ಗಾತ್ರವೂ ಸ್ವಲ್ಪ ದೊಡ್ಡದಿರಬಹುದು.

ಒಂದು ಅಪವಾದ ಇದೆ, ಮುಚ್ಚಿಡುವುದಿಲ್ಲ. ಕಂಟೇನರ್ ತೆಗೆಯುವಾಗ ಕಮಾಂಡಿನ ಜೊತೆ 'ಮೈನಸ್ ವಿ' ಸೇರಿಸಿದ್ದರೆ ಹೆಸರಿಲ್ಲದ ವಾಲ್ಯೂಮೂ ಅದರ ಜೊತೆಗೇ ಅಳಿಸಿಹೋಗಿರುತ್ತದೆ. ಆಗ ಖಾತೆಗಳನ್ನು ಹೊಸದಾಗೇ ಮಾಡಬೇಕು. ನೀವು ಕೊಟ್ಟ ಕಮಾಂಡ್ ಟರ್ಮಿನಲ್‌ನ ಹಿಸ್ಟರಿಯಲ್ಲಿ ಇರುತ್ತದೆ, ಒಮ್ಮೆ ನೋಡಿಕೊಳ್ಳಿ.

ಫೈಲ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ನಡೆಯುತ್ತಿರುವ ಕಂಟೇನರ್ ನಿಲ್ಲಿಸಿ. ನಿಮ್ಮ ಮನೆ ಫೋಲ್ಡರಿನಲ್ಲಿ ಕಾನ್ಫಿಗ್‌ಗೆಂದೇ ಒಂದು ಫೋಲ್ಡರ್ ಮಾಡಿ. ಸಿಕ್ಕ ವಾಲ್ಯೂಮಿನಲ್ಲಿ ಇರುವುದನ್ನೆಲ್ಲ ಅಲ್ಲಿಗೆ ನಕಲು ಮಾಡಿ. ಕತ್ತರಿಸಿ ಸಾಗಿಸಬೇಡಿ, ನಕಲೇ ಮಾಡಿ. ಆಮೇಲೆ ಕಂಪೋಸ್ ಫೈಲಿನಲ್ಲಿ, ಅಂದರೆ ಕಂಟೇನರ್ ಹೇಗೆ ಕಟ್ಟಬೇಕು ಅಂತ ಬರೆದಿಡುವ ಫೈಲಿನಲ್ಲಿ, ಎರಡು ಜೋಡಣೆ ಬರೆಯಿರಿ. ಈ ಹೊಸ ಫೋಲ್ಡರ್ ಕಂಟೇನರಿನ ಕಾನ್ಫಿಗ್‌ಗೆ, ಪುಸ್ತಕಗಳ ಫೋಲ್ಡರ್ ಕಂಟೇನರಿನ ಬುಕ್ಸ್‌ಗೆ. 'ಡಾಕರ್ ಕಂಪೋಸ್ ಅಪ್ ಮೈನಸ್ ಡಿ' ಕೊಟ್ಟು ಶುರು ಮಾಡಿ. ಆಪ್ ಡಾಟ್ ಡಿಬಿ ಹಳೇ ಆವೃತ್ತಿಯದಾದರೂ ಹೊಸ ಕ್ಯಾಲಿಬರ್-ವೆಬ್ ಶುರುವಾಗುವಾಗ ತಾನೇ ಅದನ್ನು ಹೊಸ ರೂಪಕ್ಕೆ ತರುತ್ತದೆ. ಹೊಸದರಿಂದ ಹಳೆಯದಕ್ಕೆ ಹಿಂತಿರುಗುವ ದಾರಿಯನ್ನು ಮಾತ್ರ ನಂಬಬೇಡಿ.

ಕಂಪೋಸ್ ಫೈಲ್ ಅಂದೆನಲ್ಲ, ನಿಮ್ಮ ಅಳಿಯ ಉದ್ದದ ಒಂದೇ ಕಮಾಂಡ್ ಕೊಟ್ಟು ಕಂಟೇನರ್ ಮಾಡಿದ್ದರೆ ಈಗಲಾದರೂ ಅದನ್ನು ಕಂಪೋಸ್ ಫೈಲಿಗೆ ಬರೆದಿಡಿ. ಯಾವ ಇಮೇಜ್, ಯಾವ ಆವೃತ್ತಿ, ಯಾವ ಪೋರ್ಟ್, ಯಾವ ಫೋಲ್ಡರ್ ಎಲ್ಲಿಗೆ ಅನ್ನೋದೆಲ್ಲ ಇಪ್ಪತ್ತೇ ಸಾಲಿನಲ್ಲಿ ಕಣ್ಣೆದುರು ಇರುತ್ತದೆ. ಆವೃತ್ತಿಯ ಜಾಗದಲ್ಲಿ 'ಲೇಟೆಸ್ಟ್' ಅಂತ ಬರೆಯುವ ಬದಲು ಅಂಕಿಯನ್ನೇ ಬರೆಯಿರಿ. ನೀವು ಬೇಕೆಂದಾಗ ಮಾತ್ರ ಅದು ಬದಲಾಗಲಿ. ಸಮಯ ವಲಯಕ್ಕೆ 'ಏಷ್ಯಾ/ಕೋಲ್ಕತಾ' ಕೊಡಿ. ಪಿಯುಐಡಿ, ಪಿಜಿಐಡಿ ಎಂಬ ಎರಡು ಅಂಕಿಗಳನ್ನು ಕೇಳುತ್ತದೆ. ಪುಸ್ತಕಗಳ ಫೋಲ್ಡರ್ ಲಿನಕ್ಸಿನ ಯಾವ ಬಳಕೆದಾರರದ್ದು ಅನ್ನೋ ಅಂಕಿಗಳವು. ಉಬುಂಟು, ಡೆಬಿಯನ್‌ಗಳಲ್ಲಿ ಮೊದಲು ಮಾಡಿದ ಬಳಕೆದಾರರಿಗೆ ಸಾಮಾನ್ಯವಾಗಿ 1000 ಇರುತ್ತದೆ. 'ಐಡಿ' ಎಂಬ ಕಮಾಂಡ್ ಕೊಟ್ಟರೆ ಕಾಣುತ್ತದೆ. ಇದು ತಪ್ಪಿದರೆ ಪುಸ್ತಕ ಓದಲು ಬರುತ್ತದೆ, ಹೆಸರು ತಿದ್ದಲು ಹೋದರೆ ಮಾತ್ರ ಆಗುವುದಿಲ್ಲ. ಆಗ ತುಂಬ ಜನ ಇಡೀ ಫೋಲ್ಡರಿಗೆ ಎಲ್ಲರಿಗೂ ಎಲ್ಲ ಅಧಿಕಾರ ಕೊಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ, ಅಂಕಿ ಸರಿ ಮಾಡಿ ಸಾಕು.

ಇನ್ನೊಂದು ಬಲೆ ಇದೆ. ನಮ್ಮ ಕಡೆ ಕರೆಂಟ್ ಹೋಗಿ ಬರುವುದರಿಂದ ಇದನ್ನು ಹೇಳಲೇಬೇಕು. ಪುಸ್ತಕಗಳು ಯುಎಸ್‌ಬಿ ಡಿಸ್ಕಿನಲ್ಲಿ ಇದ್ದರೆ, ಯಂತ್ರ ಮತ್ತೆ ಶುರುವಾಗುವಾಗ ಡಿಸ್ಕ್ ಏಳುವ ಮೊದಲೇ ಡಾಕರ್ ಎದ್ದುಬಿಡಬಹುದು. ಹೇಳಿದ ಜಾಗದಲ್ಲಿ ಫೋಲ್ಡರ್ ಇಲ್ಲ ಅಂದರೆ ಡಾಕರ್ ಕೇಳದೆ ಅಲ್ಲೊಂದು ಖಾಲಿ ಫೋಲ್ಡರ್ ಮಾಡಿ ಅದನ್ನೇ ಜೋಡಿಸುತ್ತದೆ. ನೀವು ಬೆಳಿಗ್ಗೆ ಎದ್ದು ನೋಡಿದರೆ ಗ್ರಂಥಾಲಯ ಖಾಲಿ, ಡೇಟಾಬೇಸ್ ಎಲ್ಲಿದೆ ಅಂತ ಕೇಳುತ್ತಾ ಕೂತಿರುತ್ತದೆ. ಎದೆ ಧಸಕ್ ಅನ್ನುತ್ತದೆ. ಆದರೆ ಡಿಸ್ಕಿನಲ್ಲಿ ಎಲ್ಲ ಇದ್ದಲ್ಲೇ ಇರುತ್ತದೆ. ಆಗ ಅಲ್ಲಿ ಹೊಸ ಗ್ರಂಥಾಲಯ ಶುರು ಮಾಡಬೇಡಿ. ಡಿಸ್ಕ್ ಜೋಡಿಸಿ ಕಂಟೇನರ್ ಮತ್ತೆ ಶುರು ಮಾಡಿ. ಶಾಶ್ವತ ಪರಿಹಾರ ಬೇಕಾದರೆ ಡಿಸ್ಕಿನ ಒಳಗೆ ಒಂದು ಉಪಫೋಲ್ಡರಿನಲ್ಲಿ ಪುಸ್ತಕ ಇಡಿ. ಕಂಪೋಸ್ ಫೈಲಿನಲ್ಲಿ ಆ ಉಪಫೋಲ್ಡರಿನ ದಾರಿ ಕೊಟ್ಟು, ಇಲ್ಲದ ಫೋಲ್ಡರ್ ಮಾಡಬೇಡ ಅಂತಲೂ ಬರೆಯಲು ಬರುತ್ತದೆ. ಅಳಿಯನಿಗೆ 'ಕ್ರಿಯೇಟ್ ಹೋಸ್ಟ್ ಪಾತ್ ಫಾಲ್ಸ್' ಅಂತ ಹೇಳಿ, ಅವರಿಗೆ ತಿಳಿಯುತ್ತದೆ. ಆಗ ಡಿಸ್ಕ್ ಇಲ್ಲದಿದ್ದರೆ ಕಂಟೇನರ್ ಏಳುವುದೇ ಇಲ್ಲ. ಖಾಲಿ ಏಳುವುದಕ್ಕಿಂತ ಏಳದಿರುವುದು ವಾಸಿ.

ಹಳೇ ಲ್ಯಾಪ್‌ಟಾಪ್ ಬಳಸಿದ್ದು ಒಳ್ಳೆಯದೇ ಆಯಿತು. ಅದರ ಬ್ಯಾಟರಿಯೇ ಯುಪಿಎಸ್. ಕೆಲಸ ಹಗುರ, 4 ಜಿಬಿ ರ‍್ಯಾಮ್ ಇದ್ದರೂ ಧಾರಾಳ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಅದಕ್ಕೆ ಗಾಳಿಯಾಡುವ ಜಾಗದಲ್ಲಿ ಇಡಿ. ನಾನು ವಿಜಯಪುರದ ಮನೆಯಲ್ಲಿ ಮೊದಲು ಅಂಗೈಯಗಲದ ಚಿಕ್ಕ ಕಂಪ್ಯೂಟರಿನಲ್ಲಿ, ಮೆಮೊರಿ ಕಾರ್ಡಿನ ಮೇಲೇ ಪುಸ್ತಕ ಬಿಟ್ಟು ಉಳಿದದ್ದೆಲ್ಲ ಇಟ್ಟಿದ್ದೆ. ಮಳೆಗಾಲದ ಒಂದು ಸಂಜೆ ಕರೆಂಟ್ ಐದಾರು ಸಲ ಹೋಗಿ ಬಂತು. ಮರುದಿನ ಕಾರ್ಡ್ ಓದಲೇ ಬರಲಿಲ್ಲ. ಪುಸ್ತಕಗಳು ಬೇರೆ ಡಿಸ್ಕಿನಲ್ಲಿ ಇದ್ದವು, ಆದರೆ ಡೇಟಾಬೇಸ್ ಫೈಲಿಗೂ ಪೆಟ್ಟು ಬಿದ್ದಿತ್ತು. ಆವತ್ತು ನನ್ನನ್ನು ಉಳಿಸಿದ್ದು ಕ್ಯಾಲಿಬರ್‌ನ ಒಂದು ಅಭ್ಯಾಸ. ಡೆಸ್ಕ್‌ಟಾಪ್ ಕ್ಯಾಲಿಬರ್ ಪ್ರತಿ ಪುಸ್ತಕದ ಪಕ್ಕದಲ್ಲೂ 'ಮೆಟಾಡೇಟಾ ಡಾಟ್ ಒಪಿಎಫ್' ಎಂಬ ಚಿಕ್ಕ ಫೈಲಿನಲ್ಲಿ ಆ ಪುಸ್ತಕದ ವಿವರ ಬರೆದಿಡುತ್ತದೆ. ಡೇಟಾಬೇಸ್ ಮರುಕಟ್ಟು ಎಂಬ ಆಯ್ಕೆ ಒತ್ತಿದರೆ ಈ ಚೀಟಿಗಳನ್ನೆಲ್ಲ ಓದಿ ಡೇಟಾಬೇಸನ್ನು ಮತ್ತೆ ಕಟ್ಟಿಕೊಡುತ್ತದೆ. ಅರ್ಧ ಗಂಟೆಯಲ್ಲಿ ಎರಡು ವರ್ಷದ ಜೋಡಣೆ ವಾಪಸ್ ಬಂತು.

ಅದಕ್ಕೇ ನಿಮಗೊಂದು ಸಲಹೆ. ಬಾಳಿಕೆ ಬರಬೇಕಾದ ಜೋಡಣೆಯನ್ನು ಕ್ಯಾಲಿಬರ್-ವೆಬ್‌ನ ಕಪಾಟಿನಲ್ಲಿ ಮಾಡಬೇಡಿ. ಕ್ಯಾಲಿಬರ್‌ನ ಟ್ಯಾಗ್ ಮತ್ತು ಮಾಲಿಕೆಯಲ್ಲಿ ಮಾಡಿ. 'ವಚನ', 'ಜಾನಪದ', 'ಮಕ್ಕಳಿಗೆ' ಇವೆಲ್ಲ ಟ್ಯಾಗ್ ಆಗಲಿ. ಟ್ಯಾಗ್ ಪುಸ್ತಕದ ಜೊತೆಗೇ ಹೋಗುತ್ತದೆ. 'ಈ ಬೇಸಿಗೆ ಮೊಮ್ಮಗಳು ಓದಬೇಕಾದ್ದು' ಅಂಥದ್ದು ಕಪಾಟು ಆಗಲಿ. ಹೋದರೂ ಮತ್ತೆ ಮಾಡಬಹುದು.

ಕ್ಯಾಲಿಬರ್ ಮತ್ತು ಕ್ಯಾಲಿಬರ್-ವೆಬ್ ಬೇರೆ ಬೇರೆ ಅನ್ನೋದು ನೆನಪಿರಲಿ. ಕ್ಯಾಲಿಬರ್ ಅನ್ನು ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದರು. ಅದು ಡೆಸ್ಕ್‌ಟಾಪ್ ತಂತ್ರಾಂಶ, ತಿದ್ದುವುದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕ್ಯಾಲಿಬರ್-ವೆಬ್ ಬೇರೆಯವರು ಮಾಡಿದ ಕಿಟಕಿ, ಅದೇ ಡೇಟಾಬೇಸನ್ನು ಬ್ರೌಸರಿನಲ್ಲಿ ತೋರಿಸುತ್ತದೆ. ಎರಡರಿಂದಲೂ ಒಂದೇ ಹೊತ್ತಿಗೆ ತಿದ್ದಬೇಡಿ. ಕ್ಯಾಲಿಬರ್‌ನಲ್ಲಿ ಕೆಲಸ ಮಾಡುವಾಗ ಕಂಟೇನರ್ ನಿಲ್ಲಿಸಿಬಿಡಿ. ಇನ್ನೊಂದು ಕಂಪ್ಯೂಟರಿನಿಂದ ನೆಟ್‌ವರ್ಕ್ ಫೋಲ್ಡರ್ ಮೂಲಕ ಈ ಗ್ರಂಥಾಲಯ ತೆರೆಯುವುದೂ ಬೇಡ. ಈ ಡೇಟಾಬೇಸ್ ಎಸ್‌ಕ್ಯೂಲೈಟ್ ಜಾತಿಯದು. ನೆಟ್‌ವರ್ಕಿನ ಆಚೆಯಿಂದ ಬೀಗ ಹಾಕಿ ಬರೆಯುವುದು ಅದಕ್ಕೆ ಸರಿಹೋಗುವುದಿಲ್ಲ.

ಈಗ ನನಗೆ ತುಂಬ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ, ಕನ್ನಡ. ಸರ್ವರ್ ಎಷ್ಟು ಚೆನ್ನಾಗಿ ನಡೆದರೂ ಹುಡುಕಿದ ಪುಸ್ತಕ ಸಿಗದಿದ್ದರೆ ಏನು ಬಂತು, ಅಲ್ವಾ?

ನಿಮ್ಮ ಪಟ್ಟಿಯಲ್ಲಿ ಹಳಕಟ್ಟಿಯವರ ಹೆಸರು ಹುಡುಕಿ ನೋಡಿ. 'ಫ. ಗು. ಹಳಕಟ್ಟಿ', 'ಫ.ಗು.ಹಳಕಟ್ಟಿ', 'ಹಳಕಟ್ಟಿ ಫ ಗು', ಜೊತೆಗೆ ಇಂಗ್ಲಿಷ್ ಲಿಪಿಯಲ್ಲಿ ಒಂದು. ಚುಕ್ಕೆಯ ಪಕ್ಕದ ಒಂದು ಖಾಲಿ ಜಾಗಕ್ಕೇ ಕ್ಯಾಲಿಬರ್ ಬೇರೆ ಲೇಖಕರು ಅಂತ ತಿಳಿಯುತ್ತದೆ. ಡೆಸ್ಕ್‌ಟಾಪ್ ಕ್ಯಾಲಿಬರ್‌ನಲ್ಲಿ ಲೇಖಕರ ಪಟ್ಟಿ ತೆರೆದು ಒಂದು ರೂಪ ಗೊತ್ತು ಮಾಡಿ, ಉಳಿದವಕ್ಕೂ ಅದೇ ಹೆಸರು ಕೊಡಿ, ತಾವೇ ಕೂಡಿಕೊಳ್ಳುತ್ತವೆ. ಇನ್ನೂ ಸೂಕ್ಷ್ಮದ ತೊಂದರೆ ಒಂದಿದೆ. ಯೂನಿಕೋಡಿನಲ್ಲಿ 'ಕೊ' ಎಂಬ ಒಂದೇ ಅಕ್ಷರವನ್ನು ಎರಡು ರೀತಿ ಬರೆಯಬಹುದು. ಕ ಜೊತೆ ಒ ಸ್ವರಚಿಹ್ನೆ ಒಂದೇ ಸಂಕೇತವಾಗಿ, ಇಲ್ಲವೇ ಎ ಚಿಹ್ನೆ, ಊ ಚಿಹ್ನೆ ಎರಡು ಬಿಡಿ ಸಂಕೇತವಾಗಿ. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಆಗಬಹುದು. 'ಸಾಫ್ಟ್‌ವೇರ್' ಥರದ ಪದಗಳ ನಡುವೆ ಕಾಣದ ಒಂದು ಅಕ್ಷರ ಇರುತ್ತದೆ, ಒತ್ತಕ್ಷರ ಆಗದಂತೆ ತಡೆಯುವುದು. ಅದು ಇದ್ದರೂ ಇಲ್ಲದಿದ್ದರೂ ಇದೇ ಗೋಳು. ಹಾಗಾಗಿ ಹೆಸರು 'ಇದೆ, ಆದರೆ ಸಿಗುತ್ತಿಲ್ಲ' ಅಂದರೆ ಅದನ್ನು ಅಳಿಸಿ, ಒಂದೇ ಕೀಲಿಮಣೆಯಿಂದ ಹೊಸದಾಗಿ ಟೈಪ್ ಮಾಡಿ.

ಫೋಲ್ಡರ್ ತೆರೆದಾಗ ಕನ್ನಡ ಹೆಸರುಗಳು ಇಂಗ್ಲಿಷ್ ಲಿಪಿಗೆ ತಿರುಗಿ ಕೂತಿರುವುದು ಕಂಡರೆ ಗಾಬರಿ ಬೇಡ. ಕ್ಯಾಲಿಬರ್ ಫೋಲ್ಡರುಗಳಿಗೆ ಹಾಗೆ ಹೆಸರಿಡುತ್ತದೆ. ಒಳಗಿನ ಪಟ್ಟಿಯಲ್ಲಿ ಕನ್ನಡವೇ ಇರುತ್ತದೆ. ಚಂದ ಕಾಣಲಿ ಅಂತ ಫೋಲ್ಡರ್ ಹೆಸರನ್ನು ಕೈಯಾರೆ ಬದಲಿಸಿದರೆ ಡೇಟಾಬೇಸಿಗೆ ಪುಸ್ತಕದ ದಾರಿಯೇ ತಪ್ಪುತ್ತದೆ.

ಪಿಡಿಎಫ್‌ಗಳದ್ದು ಬೇರೆ ಕಥೆ. ಹಳೇ ಡಿಟಿಪಿಯಲ್ಲಿ 'ನುಡಿ', 'ಬರಹ' ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್‌ನಿಂದ 'ಕನ್ನಡ' ಎಂಬ ಪದ ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಇಂಗ್ಲಿಷ್ ಅಕ್ಷರಗಳ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕಾಣುತ್ತದೆ. ಪರದೆಯ ಮೇಲೆ ಕನ್ನಡ, ಒಳಗೆ ಕನ್ನಡವೇ ಇಲ್ಲ. ಇಂಥದ್ದನ್ನು ಇಪಬ್ ಎಂಬ ಇ-ಪುಸ್ತಕ ರೂಪಕ್ಕೆ ಬದಲಿಸಲು ಹೋಗಬೇಡಿ, ಕಸ ಬರುತ್ತದೆ. ಪಿಡಿಎಫ್ ಆಗಿಯೇ ಇರಲಿ, ಹೆಸರು ಟ್ಯಾಗ್ ಮಾತ್ರ ಸರಿಯಾಗಿ ಕೊಡಿ. ಸ್ಕ್ಯಾನ್ ಮಾಡಿದ ಪುಸ್ತಕಗಳಿಗೆ ಟೆಸರಾಕ್ಟ್ ಎಂಬ ಉಚಿತ ಒಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಕನ್ನಡ ಓದುತ್ತದೆ. ಕನ್ನಡದ ಪೊಟ್ಟಣ ಬೇರೆ ಸೇರಿಸಬೇಕು. ಅಚ್ಚು ಸ್ಪಷ್ಟವಾಗಿದ್ದರೆ ಹುಡುಕುವಷ್ಟಕ್ಕೆ ಸಾಕಾಗುತ್ತದೆ. ಒತ್ತಕ್ಷರದಲ್ಲಿ ತಪ್ಪು ಇದ್ದೇ ಇರುತ್ತದೆ. ಒಸಿಆರ್ ಆದ ಮೇಲೆ ಡೆಸ್ಕ್‌ಟಾಪ್ ಕ್ಯಾಲಿಬರ್‌ನ ಪೂರ್ಣ ಪಠ್ಯ ಹುಡುಕಾಟ ಬಳಸಿ. 2022ರ 6ನೇ ಆವೃತ್ತಿಯಿಂದ ಅದು ಇದೆ. ಇನ್ನೊಂದು ಸಣ್ಣದು. ಕಂಟೇನರಿನ ಒಳಗೆ ಇಪಬ್‌ನಿಂದ ಪಿಡಿಎಫ್ ಮಾಡಿದಾಗ ಅಕ್ಷರದ ಬದಲು ಬರೀ ಚೌಕಗಳು ಬಂದರೆ, ಆ ಕಂಟೇನರಿನಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ. ನೋಟೊ ಸೆರಿಫ್ ಕನ್ನಡ ಇರುವ ಫಾಂಟ್ ಫೋಲ್ಡರನ್ನೂ ಒಳಗೆ ಜೋಡಿಸಿ.

ಇನ್ನು ವಿದ್ಯಾರ್ಥಿಗಳ ವಿಷಯ. ರೂಟರಿನಲ್ಲಿ ಕ್ಯಾಲಿಬರ್-ವೆಬ್‌ನ 8083ನೇ ಪೋರ್ಟ್ ತೆರೆದು ಇಡೀ ಇಂಟರ್ನೆಟ್‌ಗೆ ಬಾಗಿಲು ತೆಗೆಯಬೇಡಿ. ಕ್ಯಾಲಿಬರ್-ವೆಬ್ ಮೊದಲು ಬರುವುದೇ 'ಅಡ್ಮಿನ್', 'ಅಡ್ಮಿನ್123' ಎಂಬ ಹೆಸರು ಪಾಸ್‌ವರ್ಡಿನಲ್ಲಿ, ಅದು ಲೋಕಕ್ಕೆಲ್ಲ ಗೊತ್ತು. ನಿಮ್ಮದು ಹೊಸ ಕಂಟೇನರ್, ಈಗ ಅದೇ ಇದೆ. ಮನೆಯೊಳಗೇ ಇದ್ದರೂ ಇವತ್ತೇ ಬದಲಿಸಿ. ಹೊರಗಿನಿಂದ ಮನೆಯವರೇ ಓದಬೇಕಾದರೆ ಟೇಲ್‌ಸ್ಕೇಲ್ ಅಥವಾ ವೈರ್‌ಗಾರ್ಡ್ ಎಂಬ ಖಾಸಗಿ ನೆಟ್‌ವರ್ಕ್ (ವಿಪಿಎನ್) ಹಾಕಿಕೊಳ್ಳಿ, ನಿಮ್ಮ ಸಾಧನಗಳಿಗೆ ಮಾತ್ರ ದಾರಿ ಇರುತ್ತದೆ.

ಮನೆಯ ಆಚೆಯವರಿಗೆ ಕೊಡುವಾಗ ಹಕ್ಕುಸ್ವಾಮ್ಯ ನೋಡಲೇಬೇಕು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಬರಹಗಳ ಹಕ್ಕು 2024ರ ಕೊನೆಗೆ ಮುಗಿಯಿತು. 2025ರ ಜನವರಿಯಿಂದ ಅವು ಎಲ್ಲರವು. ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಾ, ತಾಡೋಲೆ ಹುಡುಕಿ ವಚನ ಕೂಡಿಸಿ, ಮನೆ ಮಾರಿ ಮುದ್ರಣಾಲಯ ಹಾಕಿದವರು ಅವರು. ಅವರ ಬರಹವನ್ನು ನೀವು ಧೈರ್ಯವಾಗಿ ನಿಮ್ಮ ವಿದ್ಯಾರ್ಥಿಗಳಿಗೆ ಕೊಡಬಹುದು. ಆದರೆ ಈಚಿನ ಮರುಮುದ್ರಣದಲ್ಲಿ ಬೇರೆಯವರು ಬರೆದ ಮುನ್ನುಡಿ, ಟಿಪ್ಪಣಿ ಇದ್ದರೆ ಅವುಗಳ ಹಕ್ಕು ಅವರದೇ. ನಮ್ಮ ಬೆಳಗಾವಿ ಜಿಲ್ಲೆಯ ಬಸವರಾಜ ಕಟ್ಟೀಮನಿಯವರು ತೀರಿಕೊಂಡದ್ದು 1989ರಲ್ಲಿ. ಅವರ ಕಾದಂಬರಿಗಳ ಹಕ್ಕು 2049ರ ಕೊನೆವರೆಗೆ ಇರುತ್ತದೆ. ಅವನ್ನು ಮನೆಯ ಆಚೆ ಹಂಚಬೇಡಿ. ನಾನು ಮಾಡುವುದು ಹೀಗೆ. ಹಕ್ಕು ಮುಗಿದ ಪುಸ್ತಕಗಳಿಗೆಲ್ಲ 'ಮುಕ್ತ' ಎಂಬ ಟ್ಯಾಗ್ ಕೊಟ್ಟಿದ್ದೇನೆ. ಕ್ಯಾಲಿಬರ್-ವೆಬ್‌ನಲ್ಲಿ ಪ್ರತಿ ಬಳಕೆದಾರರಿಗೆ ಯಾವ ಟ್ಯಾಗ್ ಮಾತ್ರ ಕಾಣಬೇಕು ಅಂತ ಗೊತ್ತು ಮಾಡಲು ಬರುತ್ತದೆ. ಹೊರಗಿನವರ ಖಾತೆಗೆ 'ಮುಕ್ತ' ಮಾತ್ರ. ಕನ್ನಡ ವಿಕಿಸೋರ್ಸ್‌ನಿಂದ ಇಪಬ್ ಇಳಿಸಿಕೊಂಡರೆ ಅದರಲ್ಲಿ ನಿಜವಾದ ಯೂನಿಕೋಡ್ ಪಠ್ಯ ಇರುತ್ತದೆ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿ ಓದಲು ಅದೇ ಚೆನ್ನ.

ಬ್ಯಾಕಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಸ್ತಕಗಳ ಫೋಲ್ಡರ್, ಕಾನ್ಫಿಗ್ ಫೋಲ್ಡರ್, ಕಂಪೋಸ್ ಫೈಲ್, ಈ ಮೂರು ಇದ್ದರೆ ಯಾವ ಯಂತ್ರದ ಮೇಲಾದರೂ ನಿಮ್ಮ ಗ್ರಂಥಾಲಯ ಹತ್ತು ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಕಂಟೇನರ್ ನಿಲ್ಲಿಸಿ ನಕಲು ಮಾಡಿ, ಆಮೇಲೆ ಶುರು ಮಾಡಿ. ಡೇಟಾಬೇಸಿಗೆ ಬರೆಯುತ್ತಿರುವ ಹೊತ್ತಿನಲ್ಲಿ ಮಾಡಿದ ನಕಲು ಅರ್ಧಂಬರ್ಧ ಆಗಬಹುದು. ಒಂದು ಪ್ರತಿ ನಿಮ್ಮ ಮನೆಯಲ್ಲಿ, ಇನ್ನೊಂದು ಅಳಿಯನ ಮನೆಯಲ್ಲಿ ಇರಲಿ. ವರ್ಷಕ್ಕೊಮ್ಮೆ ಆ ಪ್ರತಿಯಿಂದ ಬೇರೆ ಕಂಪ್ಯೂಟರಿನಲ್ಲಿ ಎಬ್ಬಿಸಿಯೂ ನೋಡಿ.

ಹೆಸರಿಲ್ಲದ ವಾಲ್ಯೂಮಿನಲ್ಲಿ ಆಪ್ ಡಾಟ್ ಡಿಬಿ ಸಿಕ್ಕಿತು ಅಂದರೆ, ಬೇರೆ ಏನೂ ಮಾಡುವ ಮೊದಲು ಅದರ ಒಂದು ನಕಲನ್ನು ಪೆನ್‌ಡ್ರೈವಿಗೆ ಹಾಕಿ ತೆಗೆದಿಡಿ. ಹೊಸ ಕಂಟೇನರ್ ಎದ್ದ ಮೇಲೆ ನಿಮ್ಮ ಹಳೇ ಪಾಸ್‌ವರ್ಡಿನಲ್ಲೇ ಒಳಗೆ ಹೋಗಿ. ಕಪಾಟುಗಳು ಕಂಡರೆ, ಎರಡು ವಾರ ಕಾದು ಆಮೇಲೆ ಹಳೇ ವಾಲ್ಯೂಮ್ ಅಳಿಸಿ.